ಸಂವಹನ ಉಪಗ್ರಹದ ಭೂನಿಯಂತ್ರಣ ಕೇಂದ್ರ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ರಾತ್ರಿ ಪಾಳಿಯಲ್ಲಿ ಕನ್ಸೋಲ್ ಮುಂದೆ ಕುಳಿತವರ ಬಳಿಗೆ ದೋಷ ಎಂದೂ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಅದು ಬರುವುದು ಕೆಂಪಾದ ಒಂದು ಸಾಲಾಗಿ, ಬದಲಾಗದೆ ನಿಂತ ಒಂದು ಅಂಕಿಯಾಗಿ, ಅಥವಾ ನಿಧಾನವಾಗಿ ಕೆಳಗಿಳಿಯುವ ಒಂದು ಗೆರೆಯಾಗಿ. ಆದ್ದರಿಂದ ಈ ಕೈಪಿಡಿಯನ್ನು ಉಪಕರಣಗಳ ಹೆಸರಿನ ಮೇಲೆ ಜೋಡಿಸದೆ, ಕಣ್ಣಿಗೆ ಮೊದಲು ಬೀಳುವ ಲಕ್ಷಣಗಳ ಮೇಲೆ ಜೋಡಿಸಲಾಗಿದೆ. ಇಲ್ಲಿ ಹೇಳಿರುವುದು ಭೂಸ್ಥಿರ ಕಕ್ಷೆಯ, ಅಂದರೆ ಭೂಮಿಯ ಜೊತೆಗೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ, ಸಂವಹನ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರಗಳಿಗೆ ಅನ್ವಯಿಸುತ್ತದೆ. ನಮ್ಮಲ್ಲಿ ಇಂಥ ಕೆಲಸದ ಮುಖ್ಯ ನೆಲೆ 1982ರಿಂದ ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 2005ರಿಂದ ಭೋಪಾಲದಲ್ಲಿಯೂ ಅಂಥದೇ ಇನ್ನೊಂದು ಕೇಂದ್ರವಿದೆ.

ಕ್ರಮ ಒಂದೇ: ಮೊದಲು ಪರದೆ, ಆಮೇಲೆ ಕಂಪ್ಯೂಟರ್, ರಿಸೀವರ್, ಕೇಬಲ್, ಹೊರಗಿನ ಆಂಟೆನಾ, ಇವೆಲ್ಲ ಸರಿ ಇವೆಯೆಂದು ಖಚಿತವಾದ ಮೇಲಷ್ಟೇ ಉಪಗ್ರಹದ ಮೇಲೆ ಅನುಮಾನ. ಉಪಗ್ರಹ ಹಾಳಾಗುವುದೇ ಇಲ್ಲವೆಂದು ಇದರ ಅರ್ಥವಲ್ಲ. ನೆಲದ ಮೇಲಿನ ಉಪಕರಣವನ್ನು ತಪ್ಪಾಗಿ ಅನುಮಾನಿಸಿದರೆ ಅರ್ಧ ಗಂಟೆ ನಷ್ಟವಾದೀತು. ಉಪಗ್ರಹವನ್ನು ತಪ್ಪಾಗಿ ಅನುಮಾನಿಸಿ ಅವಸರದಲ್ಲಿ ಕಮಾಂಡ್ ಕಳುಹಿಸಿದರೆ ಅದನ್ನು 35,786 ಕಿಲೋಮೀಟರ್ ಎತ್ತರದಿಂದ ಹಿಂದಕ್ಕೆ ಕರೆಸಿಕೊಳ್ಳಲಾಗದು.

ಯಾವ ಗುಂಡಿಯನ್ನೂ ಮುಟ್ಟುವ ಮೊದಲು ಸಮಯವನ್ನು ಬರೆದುಕೊಳ್ಳಬೇಕು, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು, ಹಿಂದಿನ ಪಾಳಿಯವರು ಏನನ್ನು ಬದಲಿಸಿದರು ಎಂದು ಲಾಗ್ ಪುಸ್ತಕ ತೆರೆದು ನೋಡಬೇಕು. ಸಮಯ ಬರೆಯುವಾಗ ಅದು ಅಂತರರಾಷ್ಟ್ರೀಯ ಕಾಲಮಾನವಾದ ಯುಟಿಸಿಯೋ ಭಾರತೀಯ ಕಾಲಮಾನವೋ ಎಂಬುದನ್ನೂ ಜೊತೆಗೇ ಬರೆಯಬೇಕು. ಐದೂವರೆ ಗಂಟೆಯ ಈ ಅಂತರ ಬೆಳಗಿನ ವಿಮರ್ಶಾ ಸಭೆಯಲ್ಲಿ ಎಬ್ಬಿಸುವ ಗೊಂದಲ ಸಣ್ಣದಲ್ಲ.

ಲಕ್ಷಣ: ಟೆಲಿಮೆಟ್ರಿ ಅಂಕಿಗಳು ಬದಲಾಗದೆ ನಿಂತಿವೆ

ಟೆಲಿಮೆಟ್ರಿ ಎಂದರೆ ಉಪಗ್ರಹ ತನ್ನ ಸ್ಥಿತಿಯ ಬಗ್ಗೆ ಕೆಳಗೆ ಕಳುಹಿಸುವ ಅಳತೆಗಳು, ಅವು ಫ್ರೇಮ್ ಎಂಬ ಕಂತುಗಳಲ್ಲಿ ಬರುತ್ತವೆ. ಮೊದಲು ಫ್ರೇಮ್ ಎಣಿಕೆಯನ್ನು ನೋಡಿ. ಅದು ಏರುತ್ತಲೇ ಇದ್ದು ಉಳಿದ ಅಂಕಿಗಳು ನಿಂತಿದ್ದರೆ ಉಪಗ್ರಹ ಮಾತಾಡುತ್ತಲೇ ಇದೆ. ನಿಂತಿರುವುದು ಪರದೆಯ ತಂತ್ರಾಂಶ ಅಥವಾ ದತ್ತಾಂಶ ಹಂಚುವ ಸರ್ವರ್. ಪಕ್ಕದ ಕನ್ಸೋಲಿನಲ್ಲಿ ಅದೇ ಪುಟವನ್ನು ತೆರೆದು ನೋಡಿದರೆ ಒಂದೇ ನಿಮಿಷದಲ್ಲಿ ವಿಷಯ ಇತ್ಯರ್ಥವಾಗುತ್ತದೆ. ಉಪಗ್ರಹವನ್ನು ಕೆಲವೊಮ್ಮೆ ಡ್ವೆಲ್ ವಿಧಾನಕ್ಕೆ, ಅಂದರೆ ಆಯ್ದ ಒಂದೆರಡು ಅಳತೆಗಳನ್ನೇ ಮತ್ತೆ ಮತ್ತೆ ಕಳುಹಿಸುವ ವಿಧಾನಕ್ಕೆ, ಹಾಕಿರುತ್ತಾರೆ. ಆಗ ಉಳಿದ ಅಂಕಿಗಳು ಹಳೆಯವಾಗಿ ನಿಲ್ಲುವುದು ಸಹಜ, ಅದು ದೋಷವಲ್ಲ.

ಫ್ರೇಮ್ ಎಣಿಕೆಯೇ ನಿಂತಿದ್ದರೆ ರಿಸೀವರ್ ಕಡೆಗೆ ತಿರುಗಿ. ಅಲ್ಲಿ ನಾಲ್ಕು ಹಂತದ ಲಾಕ್, ಅಂದರೆ ಸಿಗ್ನಲನ್ನು ಹಿಡಿದುಕೊಂಡಿದೆ ಎಂಬ, ಸೂಚನೆಗಳಿರುತ್ತವೆ: ಕ್ಯಾರಿಯರ್ (ಮಾಹಿತಿಯನ್ನು ಹೊತ್ತು ತರುವ ಅಲೆ), ಅದರ ಮೇಲೇರಿ ಬರುವ ಸಬ್‌ಕ್ಯಾರಿಯರ್, ಬಿಟ್, ಫ್ರೇಮ್. ಇವುಗಳನ್ನು ಇದೇ ಕ್ರಮದಲ್ಲಿ ಓದಬೇಕು, ಏಕೆಂದರೆ ಮೊದಲು ಆರಿದ ದೀಪವೇ ದೋಷದ ಮನೆಯನ್ನು ತೋರಿಸುತ್ತದೆ. ಮೊದಲ ಮೂರೂ ಉರಿಯುತ್ತಿದ್ದು ಫ್ರೇಮ್ ಮಾತ್ರ ಆರಿದ್ದರೆ ಸಿಗ್ನಲ್ ಚೆನ್ನಾಗಿಯೇ ಬರುತ್ತಿದೆ. ಫ್ರೇಮ್ ಗುರುತಿನ ಪದವೋ ಬಿಟ್‌ಗಳ ಧ್ರುವತೆಯೋ ತಪ್ಪಾಗಿ ಹೊಂದಿಸಲ್ಪಟ್ಟಿದೆ. ಬಿಟ್ ಲಾಕ್ ಇಲ್ಲದಿದ್ದರೆ ಬಿಟ್ ವೇಗದ ಹೊಂದಾಣಿಕೆಯನ್ನು ನೋಡಬೇಕು. ಬೇರೊಂದು ಉಪಗ್ರಹಕ್ಕೆಂದು ಉಳಿಸಿಟ್ಟಿದ್ದ ಹೊಂದಾಣಿಕೆಯನ್ನು ಯಾರೋ ಇದಕ್ಕೆ ಎಳೆದು ಹಾಕಿರುವುದು ಅಪರೂಪವೇನಲ್ಲ. ಸಬ್‌ಕ್ಯಾರಿಯರ್ ಅಲುಗಾಡುತ್ತಿದ್ದರೆ ಅದೇ ಹೊತ್ತಿನಲ್ಲಿ ರೇಂಜಿಂಗ್, ಅಂದರೆ ಉಪಗ್ರಹದ ದೂರದ ಅಳತೆ, ನಡೆಯುತ್ತಿದೆಯೇ ಎಂದು ವಿಚಾರಿಸಿ. ಕೆಳಗೆ ಬರುವ ಶಕ್ತಿಯನ್ನು ಟೆಲಿಮೆಟ್ರಿ ಮತ್ತು ರೇಂಜಿಂಗ್ ಟೋನ್‌ಗಳು ಹಂಚಿಕೊಳ್ಳುವುದರಿಂದ, ಅಂಚಿನಲ್ಲಿದ್ದ ಸಿಗ್ನಲ್ ಆಗ ಕೈಕೊಡಬಹುದು.

ಕ್ಯಾರಿಯರ್ ದೀಪವೇ ಆರಿದ್ದರೆ 70 ಮೆಗಾಹರ್ಟ್ಜ್ ಮಧ್ಯಂತರ ಆವರ್ತನದ ಬಿಂದುವಿಗೆ, ಅಂದರೆ ಆಂಟೆನಾದಿಂದ ಬಂದ ಸಿಗ್ನಲನ್ನು ಕೆಳಗಿನ ಆವರ್ತನಕ್ಕೆ ಇಳಿಸಿ ರಿಸೀವರಿಗೆ ಕೊಡುವ ಜಾಗಕ್ಕೆ, ಸ್ಪೆಕ್ಟ್ರಮ್ ಅನಲೈಜರ್ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಉಪಕರಣ) ಜೋಡಿಸಿ. ಅಲ್ಲಿ ಕ್ಯಾರಿಯರ್ ಕಾಣುತ್ತಿದ್ದರೆ ರಿಸೀವರ್ ತಪ್ಪಿತಸ್ಥ. ಗ್ರಹಣದ ಹೊತ್ತಿನಲ್ಲಿ, ಅಂದರೆ ಉಪಗ್ರಹ ಭೂಮಿಯ ನೆರಳಿಗೆ ಬಂದು ತಣ್ಣಗಾದಾಗ, ಅದರ ಆಂದೋಲಕದ ಆವರ್ತನ ಸ್ವಲ್ಪ ಸರಿಯುತ್ತದೆ, ಹುಡುಕುವ ವ್ಯಾಪ್ತಿ ಕಿರಿದಾಗಿದ್ದರೆ ರಿಸೀವರ್ ಅದನ್ನು ಹಿಡಿಯದೆ ಹೋಗಬಹುದು. ಅನಲೈಜರಿನಲ್ಲಿಯೂ ಕಾಣದಿದ್ದರೆ ಮೀಸಲು ಸರಣಿಗೆ (ಆಂಟೆನಾ ಮತ್ತು ರಿಸೀವರ್ ನಡುವಿನ ಬದಲಿ ಉಪಕರಣಗಳ ಸಾಲಿಗೆ) ಬದಲಾಯಿಸಿ, ಆಮೇಲೆ ಇನ್ನೊಂದು ಆಂಟೆನಾದಿಂದ ನೋಡಿ, ಅಲ್ಲಿಯೂ ಇಲ್ಲದಿದ್ದರೆ ದೂರದ ಇನ್ನೊಂದು ಕೇಂದ್ರಕ್ಕೆ ಫೋನ್ ಮಾಡಿ. ಮನೆಯಲ್ಲಿ ಕರೆಂಟ್ ಹೋದಾಗ ಫ್ಯೂಸ್ ಬಿಚ್ಚುವ ಮುಂಚೆ ಎದುರು ಮನೆಯ ದೀಪ ನೋಡುತ್ತೇವಲ್ಲ, ಇದೂ ಹಾಗೆಯೇ. ಎರಡು ಊರುಗಳಲ್ಲಿ ಒಂದೇ ಕ್ಷಣಕ್ಕೆ ಸಿಗ್ನಲ್ ಹೋಗಿದ್ದರೆ ಮಾತ್ರ ಈ ಕೈಪಿಡಿಯ ಕೊನೆಯ ಭಾಗಕ್ಕೆ ಹೋಗಬೇಕು.

ಲಕ್ಷಣ: ಸಿಗ್ನಲ್ ಬಲ ಇಳಿಯುತ್ತಿದೆ

ಅತಿ ಹೆಚ್ಚು ಬಾರಿ ಎದುರಾಗುವ, ಅತಿ ಹೆಚ್ಚು ಬಾರಿ ತಪ್ಪಾಗಿ ಓದಲ್ಪಡುವ ಲಕ್ಷಣ ಇದು. ಮಟ್ಟ ಇಳಿದಿದೆ ಎಂದ ಕೂಡಲೇ ಆಂಟೆನಾವನ್ನು ಅಲ್ಲಾಡಿಸಲು ಹೊರಡುವವರಿದ್ದಾರೆ. ಅದಕ್ಕೆ ಮುಂಚೆ ಅನಲೈಜರಿನಲ್ಲಿ ಎರಡು ಸಂಗತಿಗಳನ್ನು ಜೊತೆಯಾಗಿ ನೋಡಬೇಕು: ಕ್ಯಾರಿಯರಿನ ಎತ್ತರ ಮತ್ತು ಅದರ ಬುಡದಲ್ಲಿರುವ ನಾಯ್ಸ್ (ಬೇಡದ ಗದ್ದಲ) ಮಟ್ಟ. ಈ ಎರಡರ ಸಂಬಂಧದಲ್ಲಿಯೇ ಬಹುಪಾಲು ಉತ್ತರವಿದೆ.

ಕ್ಯಾರಿಯರ್ ಮತ್ತು ನಾಯ್ಸ್ ಎರಡೂ ಸಮನಾಗಿ ಇಳಿದಿದ್ದರೆ ಸರಣಿಯಲ್ಲಿ ಎಲ್ಲೋ ವರ್ಧನೆ ಕಡಿಮೆಯಾಗಿದೆ. ಎಲ್‌ಎನ್‌ಎ (ಆಂಟೆನಾದಲ್ಲೇ ಇರುವ ಕ್ಷೀಣ ಸಿಗ್ನಲ್ ವರ್ಧಕ), ಅದರ ವಿದ್ಯುತ್ ಪೂರೈಕೆ, ಅದರಿಂದ ಒಳಕ್ಕೆ ಬರುವ ಕೇಬಲ್ ಮತ್ತು ಕನೆಕ್ಟರ್‌ಗಳನ್ನು ಈ ಕ್ರಮದಲ್ಲಿ ನೋಡಿ. ಕ್ಯಾರಿಯರ್ ಮಾತ್ರ ಇಳಿದು ನಾಯ್ಸ್ ಇದ್ದಲ್ಲೇ ಇದ್ದರೆ ಆಂಟೆನಾದ ಗುರಿ ತಪ್ಪಿರುವ ಸಂಭವ ಹೆಚ್ಚು. 11 ಮೀಟರ್ ಡಿಶ್ಶಿನ ಕಿರಣದ ಅಗಲ 4 ಗಿಗಾಹರ್ಟ್ಜ್‌ನಲ್ಲಿ ಹೆಚ್ಚು ಕಡಿಮೆ ಅರ್ಧ ಡಿಗ್ರಿ. ಅದರ ಅರ್ಧದಷ್ಟು, ಅಂದರೆ ಕಾಲು ಡಿಗ್ರಿ ಪಕ್ಕಕ್ಕೆ ಸರಿದರೂ 3 ಡೆಸಿಬೆಲ್, ಅಂದರೆ ಅರ್ಧ ಶಕ್ತಿ, ಹೋಗುತ್ತದೆ. ಈ ಇಳಿತ ದಿನಕ್ಕೊಮ್ಮೆ ಒಂದೇ ಲಯದಲ್ಲಿ ಬಂದು ಹೋಗುತ್ತಿದ್ದರೆ ಉಪಗ್ರಹದ ಕಕ್ಷೆ ಸ್ವಲ್ಪ ಓರೆಯಾಗಿದ್ದು, ಟ್ರ್ಯಾಕಿಂಗ್ ನಿಂತುಹೋದ ಆಂಟೆನಾ ಅದನ್ನು ಹಿಂಬಾಲಿಸುತ್ತಿಲ್ಲವೆಂದು ತಿಳಿಯಬೇಕು.

ಕ್ಯಾರಿಯರ್ ಇಳಿದು ನಾಯ್ಸ್ ಸ್ವಲ್ಪ ಏರಿದ್ದರೆ ಕಿಟಕಿಯಿಂದಾಚೆ ನೋಡಿ, ಮಳೆ ಇರುತ್ತದೆ. ಕಡಿಮೆ ಆವರ್ತನದ ಸಿ ಬ್ಯಾಂಡಿನಲ್ಲಿ ಮಳೆಯ ಕಾಟ ಕಡಿಮೆ, ಹೆಚ್ಚು ಆವರ್ತನದ ಕೆಯು ಬ್ಯಾಂಡಿನಲ್ಲಿ ಒಂದು ಜೋರು ಮಳೆ ಸಂಪರ್ಕವನ್ನೇ ನುಂಗಬಲ್ಲದು. ಇದಕ್ಕೆ ಮದ್ದು ಕಾಯುವುದು. ಮಳೆಯ ನಡುವೆ ಸ್ಟೆಪ್ ಟ್ರ್ಯಾಕ್ ವಿಧಾನವನ್ನು, ಅಂದರೆ ಆಂಟೆನಾ ತುಸು ತುಸು ಸರಿದು ಹೆಚ್ಚು ಸಿಗ್ನಲ್ ಇರುವ ಕಡೆಯನ್ನು ತಾನೇ ಹುಡುಕುವುದನ್ನು, ಹಾಗೆಯೇ ಬಿಟ್ಟರೆ, ಮಳೆಯಿಂದಾದ ಇಳಿತವನ್ನು ಗುರಿ ತಪ್ಪಿದ್ದೆಂದು ತಿಳಿದು ಆಂಟೆನಾ ಅಡ್ಡಾದಿಡ್ಡಿ ಹುಡುಕಾಡತೊಡಗುತ್ತದೆ. ಆ ಹೊತ್ತಿಗೆ ಹಿಂದಿನ ದಿನದ ಪಥವನ್ನು ಆಧರಿಸಿ ಚಲಿಸುವ ವಿಧಾನಕ್ಕೆ ಅದನ್ನು ಬದಲಾಯಿಸುವುದು ಲೇಸು.

ಮಳೆ ನಿಂತ ಮೇಲೂ ಮಟ್ಟ ಏರದಿದ್ದರೆ ಅದು ಆಕಾಶದ ನೀರಲ್ಲ, ಒಳಗೆ ಸೇರಿದ ನೀರು. ನಾನು ಪಾಳಿ ಮಾಡುತ್ತಿದ್ದ ಒಂದು ಭೂಕೇಂದ್ರದಲ್ಲಿ ಒಂದು ಜುಲೈ ತಿಂಗಳಲ್ಲಿ ಹೀಗಾಯಿತು. ಮಳೆ ಬಿಟ್ಟು ಮೂರು ಗಂಟೆಯಾಗಿ, ಅಂಗಳ ಒಣಗಿ, ಬಿಸಿಲು ಬಂದರೂ 4 ಡೆಸಿಬೆಲ್ ಕೊರತೆ ಹಾಗೆಯೇ ಉಳಿದಿತ್ತು. ರಿಸೀವರ್ ಬದಲಿಸಿದ್ದಾಯಿತು, ಡೌನ್ ಕನ್ವರ್ಟರ್ ಬದಲಿಸಿದ್ದಾಯಿತು. ಕೊನೆಗೆ ಹಿರಿಯ ತಂತ್ರಜ್ಞರೊಬ್ಬರು ಡಿಶ್ಶಿನ ಬೆನ್ನಿಗಿರುವ ಹಬ್ ಕೋಣೆಗೆ ಹೋಗಿ ಡಿಹೈಡ್ರೇಟರಿನ ಪಕ್ಕದ ಗಾಜಿನ ಬುರುಡೆಯನ್ನು ತೋರಿಸಿದರು. ಒಣಗಿದ್ದಾಗ ನೀಲಿಯಾಗಿರಬೇಕಾದ ಸಿಲಿಕಾ ಜೆಲ್ ಹರಳುಗಳು ಪೂರಾ ಗುಲಾಬಿಯಾಗಿದ್ದವು. ವೇವ್‌ಗೈಡಿಗೆ (ಅಲೆಯನ್ನು ಒಯ್ಯುವ ಲೋಹದ ಕೊಳವೆಗೆ) ಒಣಗಾಳಿ ತುಂಬುವ ಯಂತ್ರ ನಿಂತು ಎಷ್ಟು ದಿನವಾಗಿತ್ತೋ, ಒಳಗೆ ತೇವ ಕಟ್ಟಿಕೊಂಡಿತ್ತು. ಅಂದಿನಿಂದ ಮಳೆಗಾಲದ ಪಾಳಿಯಲ್ಲಿ ನಾನು ಮೊದಲು ನೋಡುವುದು ಆ ಹರಳುಗಳ ಬಣ್ಣವನ್ನು, ಆಮೇಲೆ ಫೀಡ್ ಹಾರ್ನಿನ (ಡಿಶ್ ಒಟ್ಟುಗೂಡಿಸಿದ ಅಲೆಯನ್ನು ಹಿಡಿಯುವ ಕೊಂಬಿನ) ಬಾಯಿಗೆ ಕಟ್ಟಿದ ಪೊರೆ ಹರಿದಿದೆಯೇ, ಅದರ ಮೇಲೆ ನೀರು ನಿಂತಿದೆಯೇ, ಕಣಜ ಗೂಡು ಕಟ್ಟಿದೆಯೇ ಎಂಬುದನ್ನು. ಇವುಗಳಿಗೆ ಖರ್ಚಿಲ್ಲ.

ಕೊನೆಯದಾಗಿ, ನಾಯ್ಸ್ ಒಮ್ಮೆಲೇ ಎದ್ದು ಕೆಲವೇ ನಿಮಿಷಗಳಲ್ಲಿ ಇಳಿದರೆ, ಅದೂ ಮರುದಿನ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮರುಕಳಿಸಿದರೆ, ಅದು ಸೂರ್ಯ. ಉಪಗ್ರಹದ ನೇರ ಹಿಂದೆ ಸೂರ್ಯ ಬಂದಾಗ ಡಿಶ್ ಎರಡನ್ನೂ ಒಟ್ಟಿಗೇ ಕೇಳುತ್ತದೆ. ಹಾಸನದ ಅಕ್ಷಾಂಶದಲ್ಲಿ ಇದು ಮಾರ್ಚ್ ಮಧ್ಯದ ಆಸುಪಾಸಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಬರುತ್ತದೆ. ಪಂಚಾಂಗದಂತೆ ಮೊದಲೇ ಲೆಕ್ಕ ಹಾಕಿ ಗೋಡೆಗೆ ಅಂಟಿಸಿಡಬಹುದಾದ ಸಂಗತಿ ಇದು. ಆ ಹೊತ್ತಿನಲ್ಲಿ ಸ್ವಯಂಚಾಲಿತ ಟ್ರ್ಯಾಕಿಂಗನ್ನು ನಿಲ್ಲಿಸಿಡದಿದ್ದರೆ ಆಂಟೆನಾ ಉಪಗ್ರಹವನ್ನು ಬಿಟ್ಟು ಸೂರ್ಯನ ಹಿಂದೆ ಹೊರಡುವ ಅಪಾಯವುಂಟು.

ಲಕ್ಷಣ: ಆಂಟೆನಾ ಅಲುಗುತ್ತಿಲ್ಲ, ಅಥವಾ ಸುಮ್ಮನೆ ತೊಯ್ದಾಡುತ್ತಿದೆ

ಅಲುಗದಿದ್ದರೆ ತುರ್ತು ನಿಲುಗಡೆಯ ಕೆಂಪು ಗುಂಡಿಗಳನ್ನು ಒಂದೊಂದಾಗಿ ನೋಡಿ. ಪೀಠದ ಬುಡದಲ್ಲಿ, ಹಬ್ಬಿನಲ್ಲಿ, ನಿಯಂತ್ರಣ ಕೋಣೆಯಲ್ಲಿ ಹೀಗೆ ಹಲವು ಕಡೆ ಅವು ಇರುತ್ತವೆ, ನಿರ್ವಹಣೆಗೆ ಹೋದವರು ಒತ್ತಿ ಮರೆತಿರುತ್ತಾರೆ. ಆದರೆ ಒತ್ತಿದ ಗುಂಡಿಯನ್ನು ಎಳೆಯುವ ಮೊದಲು ಅದನ್ನು ಒತ್ತಿದವರು ಈಗ ಎಲ್ಲಿದ್ದಾರೆಂದು ತಿಳಿದುಕೊಳ್ಳುವುದು ಕಡ್ಡಾಯ. ಡಿಶ್ಶಿನ ಬೆನ್ನ ಹಿಂದೆ ಏಣಿಯ ಮೇಲೆ ಯಾರಾದರೂ ನಿಂತಿದ್ದರೆ ನಿಮಗೆ ಕೋಣೆಯಿಂದ ಕಾಣುವುದಿಲ್ಲ. ಆಮೇಲೆ ಸ್ಟೋ ಪಿನ್ (ಡಿಶ್ಶನ್ನು ಕದಲದಂತೆ ಹಿಡಿದಿಡುವ ಕೀಲು), ಬ್ರೇಕರ್, ಮಿತಿ ಸ್ವಿಚ್‌ಗಳನ್ನು ನೋಡಬೇಕು. ಮೋಟಾರು ತಿರುಗಿದರೂ ಕೋನದ ಅಂಕಿ ಬದಲಾಗದಿದ್ದರೆ ಕೋನ ಅಳೆಯುವ ಎನ್‌ಕೋಡರ್ ಕೆಟ್ಟಿದೆ; ಅಂಕಿ ಬದಲಾದರೂ ಸಿಗ್ನಲ್ ಬದಲಾಗದಿದ್ದರೆ ನೀವು ಆಂಟೆನಾದ ಮುಖ್ಯ ಕಿರಣ ಬಿಟ್ಟು ಪಕ್ಕದ ದುರ್ಬಲ ಪಾರ್ಶ್ವ ಕಿರಣದ ಮೇಲೆ ಕುಳಿತಿರಬಹುದು.

ಇದನ್ನು ಪರೀಕ್ಷಿಸಲು ಲೆಕ್ಕದ ಕೋನವೇ ಆಸರೆ. ಹಾಸನದಿಂದ 74 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹವನ್ನು ನೋಡಲು ಡಿಶ್ ಸುಮಾರು 74 ಡಿಗ್ರಿ, 83 ಡಿಗ್ರಿ ಪೂರ್ವದ್ದಕ್ಕೆ ಸುಮಾರು 73 ಡಿಗ್ರಿ ಎತ್ತರಕ್ಕೆ ಮುಖ ಮಾಡಿರಬೇಕು. ಮೀಟರಿನಲ್ಲಿ ಸಿಗ್ನಲ್ ಇದ್ದೂ ಕೋನ ಲೆಕ್ಕಕ್ಕಿಂತ ಅರ್ಧ ಡಿಗ್ರಿಗೂ ಹೆಚ್ಚು ದೂರವಿದ್ದರೆ ಮೀಟರನ್ನು ನಂಬಬೇಡಿ. ಗುರಿ ಖಚಿತವಾಗದೆ ಪ್ರಸಾರ ಆರಂಭಿಸುವಂತಿಲ್ಲ. ನೆರೆಯ ಉಪಗ್ರಹಕ್ಕೆ ಅಡಚಣೆಯಾದರೆ ಅದು ಬೇರೊಬ್ಬರ ದೋಷ ಪಟ್ಟಿಯಲ್ಲಿ ನಮ್ಮ ಹೆಸರಾಗಿ ಸೇರುತ್ತದೆ.

ಜೋರು ಗಾಳಿಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳ ಸಂಜೆಯ ಗುಡುಗು ಸಿಡಿಲಿನ ಹೊತ್ತಿನಲ್ಲಿ ಯಾವ ಕಾರಣಕ್ಕೂ ಆಂಟೆನಾ ಏರಬಾರದು. ದೋಷ ಬೆಳಗಿನವರೆಗೆ ಕಾಯುತ್ತದೆ.

ಲಕ್ಷಣ: ಕಮಾಂಡ್ ಹೋಗುತ್ತಿದೆ, ಉಪಗ್ರಹ ಸ್ವೀಕರಿಸುತ್ತಿಲ್ಲ

ಕೈ ತಡೆದುಕೊಳ್ಳಬೇಕಾದ ಜಾಗ ಇದು. ಸ್ವೀಕೃತವಾಗದ ಕಮಾಂಡನ್ನು ಕಾರಣ ತಿಳಿಯದೆ ಮತ್ತೆ ಮತ್ತೆ ಕಳುಹಿಸಬಾರದು. ಅದು ನಿಜಕ್ಕೂ ತಲುಪಿದ್ದು ಮರುವರದಿ ಮಾತ್ರ ಬಂದಿಲ್ಲವಾದರೆ, ಎರಡನೆಯ ಸಲ ಕಳುಹಿಸಿದ್ದು ಕೆಲಸವನ್ನು ಇಮ್ಮಡಿ ಮಾಡಬಹುದು ಅಥವಾ ಬೇಡದ ಸ್ಥಿತಿಗೆ ಒಯ್ಯಬಹುದು. ಸಾಮಾನ್ಯ ಪದ್ಧತಿಯಲ್ಲಿ ಕಮಾಂಡ್ ಮೊದಲು ಉಪಗ್ರಹದಲ್ಲಿ ಕಾದಿರುತ್ತದೆ, ಅದರ ಪ್ರತಿ ಟೆಲಿಮೆಟ್ರಿಯಲ್ಲಿ ಕೆಳಗೆ ಬರುತ್ತದೆ, ಅದನ್ನು ಅಂಕಿ ಅಂಕಿ ಹೋಲಿಸಿ ನೋಡಿದ ಮೇಲೆ ಜಾರಿಯ ಆಜ್ಞೆ ಹೋಗುತ್ತದೆ. ಟೆಲಿಮೆಟ್ರಿ ಇಲ್ಲದ ಹೊತ್ತಿನಲ್ಲಿ ಕುರುಡಾಗಿ ಕಮಾಂಡ್ ಕಳುಹಿಸುವುದಕ್ಕೆ ಲಿಖಿತ ವಿಧಾನವೂ ಮೇಲಿನವರ ಅನುಮತಿಯೂ ಬೇಕು.

ಅಗ್ಗದ ಪರೀಕ್ಷೆ ಉಪಗ್ರಹವೇ ಕೊಡುತ್ತದೆ. ಉಪಗ್ರಹದ ಕಮಾಂಡ್ ರಿಸೀವರಿನಲ್ಲಿ ಎಷ್ಟು ಸಿಗ್ನಲ್ ಬಂದಿದೆ ಎಂಬ ಅಳತೆ ಟೆಲಿಮೆಟ್ರಿಯಲ್ಲಿ ಇರುತ್ತದೆ. ನೀವು ಅಪ್‌ಲಿಂಕ್ ಕ್ಯಾರಿಯರ್ ಹಾಕಿದಾಗ ಆ ಅಂಕಿ ಏರಿದರೆ ಅಲೆ ಮೇಲೆ ತಲುಪುತ್ತಿದೆ, ತಪ್ಪಿರುವುದು ಕಮಾಂಡಿನ ವಿಳಾಸದಲ್ಲೋ ಸಂಕೇತ ರೂಪದಲ್ಲೋ ಮಾಡ್ಯುಲೇಶನ್ ಆಳದಲ್ಲೋ. ಅಂಕಿ ಕದಲದಿದ್ದರೆ ಅಲೆಯೇ ತಲುಪುತ್ತಿಲ್ಲ; ಆಗ ಮೇಲಕ್ಕೆ ಕಳುಹಿಸುವ ಅಲೆಗೆ ಶಕ್ತಿ ಕೊಡುವ ವರ್ಧಕವಾದ ಎಚ್‌ಪಿಎ ಕಡೆಗೆ ಹೋಗಬೇಕು.

ಎಚ್‌ಪಿಎ ಟ್ರಿಪ್ ಆಗಿದ್ದರೆ ಕಾರಣವನ್ನು ಓದದೆ ರೀಸೆಟ್ ಒತ್ತಬೇಡಿ. ತಂಪು ಗಾಳಿಯ ಕೊರತೆಯೆಂದು ತೋರಿಸಿದರೆ ಫಿಲ್ಟರಿನ ಧೂಳು ಕೊಡವಿದರೆ ಸಾಕಾದೀತು. ಪ್ರತಿಫಲಿತ ಶಕ್ತಿ ಹೆಚ್ಚು ಎಂದಿದ್ದರೆ ವೇವ್‌ಗೈಡಿನಲ್ಲಿ ನೀರೋ ಸಡಿಲ ಜೋಡಣೆಯೋ ಇರುತ್ತದೆ, ಅದನ್ನು ಸರಿಪಡಿಸದೆ ಮತ್ತೆ ಶಕ್ತಿ ಹರಿಸಿದರೆ ಟ್ಯೂಬ್ ಹೋಗುತ್ತದೆ. ಟ್ರಿಪ್ಪೂ ಇಲ್ಲ, ಮೀಟರಿನಲ್ಲಿ ಶಕ್ತಿ ತುಂಬಾ ಇದೆ, ಆದರೂ ಮೇಲೆ ತಲುಪುತ್ತಿಲ್ಲ ಎಂದಾದರೆ ವೇವ್‌ಗೈಡ್ ಸ್ವಿಚ್ ಯಾವ ಕಡೆಗಿದೆ ನೋಡಿ. ನಾವೊಮ್ಮೆ ನಲವತ್ತು ನಿಮಿಷ ಕಮಾಂಡನ್ನು ಸಂಕೇತಕ್ಕೆ ತಿರುಗಿಸುವ ಎನ್‌ಕೋಡರನ್ನು ಶಂಕಿಸುತ್ತ ಕುಳಿತಿದ್ದೆವು. ಎಚ್‌ಪಿಎ ಕೋಣೆಗೆ ಹೋದ ಕಿರಿಯ ಸಹೋದ್ಯೋಗಿಯೊಬ್ಬರು ಮರಳಿ ಬಂದು, “ಸರ್, ಮೂಲೆಯಲ್ಲಿರುವ ಡಮ್ಮಿ ಲೋಡ್ ಹತ್ತಿರ ನಿಲ್ಲಕ್ಕಾಗ್ತಿಲ್ಲ, ಅಷ್ಟು ಬಿಸಿ” ಎಂದರು. ಪರೀಕ್ಷೆಯ ವೇಳೆ ಶಕ್ತಿಯನ್ನು ನುಂಗಿ ಶಾಖ ಮಾಡುವುದೇ ಡಮ್ಮಿ ಲೋಡಿನ ಕೆಲಸ. ಮಧ್ಯಾಹ್ನದ ಪರೀಕ್ಷೆಯ ನಂತರ ಸ್ವಿಚ್ಚನ್ನು ಆಂಟೆನಾ ಕಡೆಗೆ ಮರಳಿಸಿರಲಿಲ್ಲ. ನಮ್ಮ ಆಜ್ಞೆಗಳೆಲ್ಲ ಆ ಮೂಲೆಯಲ್ಲಿ ಶಾಖವಾಗುತ್ತಿದ್ದವು.

ಇಲ್ಲಿ ಜೀವಕ್ಕೆ ಅಪಾಯವಿರುವುದರಿಂದ ಕೆಲವು ಮಾತು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಕ್ಲೈಸ್ಟ್ರಾನ್ ಅಥವಾ ಟಿಡಬ್ಲ್ಯುಟಿ ಎಂಬ ಟ್ಯೂಬಿರುವ ಎಚ್‌ಪಿಎಯ ಒಳಗೆ ಹಲವು ಸಾವಿರ ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ತರಬೇತಿ ಪಡೆದವರು ಇಬ್ಬರು ಸೇರಿ, ನೆಲಕ್ಕೆ ಜೋಡಿಸಿದ ಡಿಸ್ಚಾರ್ಜ್ ಕೋಲು ಮುಟ್ಟಿಸಿದ ಮೇಲಷ್ಟೇ ಅದನ್ನು ತೆರೆಯಬೇಕು. ಬಾಗಿಲಿನ ಇಂಟರ್‌ಲಾಕ್‌ಗೆ ತಂತಿ ಸುತ್ತಿ ಮೋಸಗೊಳಿಸುವ ಚಾಳಿಯನ್ನು ಯಾರಲ್ಲಿ ಕಂಡರೂ ಅಲ್ಲಿಗೇ ಕೆಲಸ ನಿಲ್ಲಿಸಿ. ಬಿಚ್ಚಿದ ವೇವ್‌ಗೈಡಿನ ಬಾಯಿಗೆ ಕಣ್ಣಿಟ್ಟು ನೋಡಬಾರದು, ಪ್ರಸಾರ ಚಾಲೂ ಇರುವಾಗ ಫೀಡಿನ ಮುಂದೆ ಹಾಯಬಾರದು.

ಲಕ್ಷಣ: ರೇಂಜಿಂಗ್ ದೂರ ಇದ್ದಕ್ಕಿದ್ದಂತೆ ಜಿಗಿದಿದೆ

ಉಪಗ್ರಹ ಜಿಗಿಯುವುದಿಲ್ಲ. ಅದರ ದೂರ ಮೆಲ್ಲಗೆ ಬದಲಾಗುತ್ತದೆ, ಜಿಗಿತ ಕಂಡರೆ ಅದು ನೆಲದ ಗಡಿಯಾರದ್ದೋ ಕೇಬಲಿನದೋ. ಹೋಗಿ ಬರುವ ಸಮಯದಲ್ಲಿ 1 ಮೈಕ್ರೊಸೆಕೆಂಡ್ ತಪ್ಪಾದರೆ ದೂರದಲ್ಲಿ 150 ಮೀಟರ್ ತಪ್ಪುತ್ತದೆ. ಹೊಸ ಕೇಬಲ್, ಬದಲಿಸಿದ ಕನ್ವರ್ಟರ್, ಮಾಡದೆ ಬಿಟ್ಟ ಶೂನ್ಯ ಮಾಪನಾಂಕನ (ಕೇಂದ್ರದ ಉಪಕರಣಗಳದೇ ವಿಳಂಬವನ್ನು ಅಳೆದು ಕಳೆಯುವುದು) ಇವು ಮೊದಲ ಅನುಮಾನಿತರು. ಒಂದು ಸರಣಿಯಲ್ಲಿ ಮಾತ್ರ ಜಿಗಿತವಿದ್ದರೆ ಅದೇ ಸರಣಿಯನ್ನು, ಎಲ್ಲದರಲ್ಲಿಯೂ ಇದ್ದರೆ ಜಿಪಿಎಸ್ ಆಧಾರಿತ 10 ಮೆಗಾಹರ್ಟ್ಜ್ ಮೂಲವನ್ನು ನೋಡಿ. ಸಮಯದ ಮೊಹರಿನಲ್ಲಿ ಒಂದು ಸೆಕೆಂಡ್ ತಪ್ಪಿದ್ದರೆ ಪರಿಣಾಮ ಬೇರೆ ರೀತಿ: ಉಪಗ್ರಹ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ಓಡುವುದರಿಂದ ಕಕ್ಷೆಯ ಲೆಕ್ಕದಲ್ಲಿ ಅದು ಅಷ್ಟು ಮುಂದೆಯೋ ಹಿಂದೆಯೋ ಕೂರುತ್ತದೆ. ಅನುಮಾನವಿರುವ ದತ್ತಾಂಶವನ್ನು ಕಕ್ಷೆ ನಿರ್ಧಾರಕ್ಕೆ ಕೊಡಬೇಡಿ.

ಲಕ್ಷಣ: ನೆಲದಲ್ಲಿ ಎಲ್ಲವೂ ಸರಿ, ಅಂಕಿಗಳೇ ಅಸಹಜ

ಮೊದಲು ಕ್ಯಾಲೆಂಡರ್ ನೋಡಿ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲಿರುಳು ಸಮನಾಗುವ ದಿನಗಳ ಹಿಂದೆ ಮುಂದೆ ಒಟ್ಟು ಸುಮಾರು 45 ದಿನ ಭೂಸ್ಥಿರ ಉಪಗ್ರಹ ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಬರುತ್ತದೆ, ಗರಿಷ್ಠ ಸುಮಾರು 72 ನಿಮಿಷ. 83 ಡಿಗ್ರಿ ಪೂರ್ವದ ಉಪಗ್ರಹಕ್ಕೆ ಇದು ನಮ್ಮ ನಡುರಾತ್ರಿಯ ಆಸುಪಾಸಿನಲ್ಲೇ ಬೀಳುತ್ತದೆ. ಸೌರಫಲಕದ ಕರೆಂಟ್ ಸೊನ್ನೆಗಿಳಿದು ಬ್ಯಾಟರಿ ಕರಗತೊಡಗಿದರೆ ಹೊಸಬರು ಗಾಬರಿಯಾಗುತ್ತಾರೆ. ಲೆಕ್ಕದ ವೇಳೆಗೇ ಆರಂಭವಾಗಿ ಲೆಕ್ಕದ ವೇಳೆಗೇ ಮುಗಿದರೆ ಅದು ದೋಷವಲ್ಲ. ನೆರಳಿನಿಂದ ಹೊರಬಂದ ಮೇಲೂ ಕರೆಂಟ್ ಏರದಿದ್ದರೆ ಅಥವಾ ಬ್ಯಾಟರಿ ವೋಲ್ಟೇಜ್ ಹಿಂದಿನ ರಾತ್ರಿಗಿಂತ ಕೆಳಗಿಳಿದಿದ್ದರೆ ಅದು ದೋಷ. ಭೂಮಿಯನ್ನು ನೋಡಿ ಉಪಗ್ರಹದ ನಿಲುವು ತಿಳಿಯುವ ಭೂಸಂವೇದಕದ ನೋಟಕ್ಕೆ ಚಂದ್ರ ಅಡ್ಡ ಬರುವ ದಿನಗಳೂ ಹೀಗೆಯೇ ಮೊದಲೇ ಗೊತ್ತಿರುತ್ತವೆ. ಆ ಬದಿಯ ಸ್ಕ್ಯಾನನ್ನು ಮುಂಚಿತವಾಗಿ ತಡೆಹಿಡಿಯಲಾಗಿದೆಯೇ ಎಂದು ಪಟ್ಟಿ ನೋಡಿ.

ಭೂಮಿಯ ಲಾಕ್ ತಪ್ಪಿದೆ, ಉಪಗ್ರಹ ಸುರಕ್ಷಾ ಸ್ಥಿತಿಗೆ ಹೋಗಿದೆ, ಥ್ರಸ್ಟರ್‌ಗಳು ತಾವಾಗಿ ಉರಿಯುತ್ತಿವೆ, ಬಸ್ (ಉಪಗ್ರಹದ ಮುಖ್ಯ ವಿದ್ಯುತ್ ಜಾಲ) ವೋಲ್ಟೇಜ್ ಕುಸಿಯುತ್ತಿದೆ: ಇವುಗಳಲ್ಲಿ ಯಾವುದು ಕಂಡರೂ ಪಾಳಿಯವರ ದೋಷ ಹುಡುಕಾಟ ಅಲ್ಲಿಗೆ ಮುಗಿಯಿತು. ತುರ್ತು ಕಡತದಲ್ಲಿ ಪಾಳಿಗೆ ಬಿಟ್ಟುಕೊಟ್ಟಿರುವ ಹೆಜ್ಜೆಗಳನ್ನಷ್ಟೇ ಮಾಡಿ, ಉಪಗ್ರಹ ಎಂಜಿನಿಯರನ್ನು ಎಬ್ಬಿಸಿ. ಇಂಧನ ಎಷ್ಟು ಬೇಗ ಕೈಬಿಡುತ್ತದೆಂಬುದಕ್ಕೆ ನಮ್ಮದೇ ಉದಾಹರಣೆಯಿದೆ: 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್ 1ಎ ತನ್ನ ನಿಲುವು ಕಾಯುವ ಇಂಧನವನ್ನೆಲ್ಲ ಕಳೆದುಕೊಂಡು ಅದೇ ಸೆಪ್ಟೆಂಬರಿನಲ್ಲಿ ಸೇವೆಯಿಂದ ಹೊರಬಿತ್ತು.

ಹಾಗೆಂದು ಆಸೆ ಬಿಡಬೇಕಾಗಿಯೂ ಇಲ್ಲ. 1994ರ ಜನವರಿಯಲ್ಲಿ ಕೆನಡಾದ ಆನಿಕ್ ಇ1 ಮತ್ತು ಇ2 ಉಪಗ್ರಹಗಳಲ್ಲಿ ನಿಲುವು ಕಾಯುವ ಸಂವೇಗ ಚಕ್ರದ ನಿಯಂತ್ರಣ ಕೆಟ್ಟಾಗ, ಇ1 ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡಿತು. ಇ2ನ್ನು ನೆಲದಿಂದಲೇ ನಿಲುವು ತಿದ್ದುವ ಹೊಸ ವ್ಯವಸ್ಥೆ ಕಟ್ಟಿ ತಿಂಗಳುಗಳ ನಂತರ ಮತ್ತೆ ಕೆಲಸಕ್ಕೆ ತಂದರು. 2010ರ ಏಪ್ರಿಲ್ 5ರಂದು ಕಮಾಂಡ್ ಕೇಳುವುದನ್ನು ನಿಲ್ಲಿಸಿದ ಗ್ಯಾಲಕ್ಸಿ 15, ಪ್ರಸಾರ ಯಂತ್ರ ಚಾಲೂ ಇಟ್ಟುಕೊಂಡೇ ನೆರೆಯ ಉಪಗ್ರಹಗಳ ಕಡೆಗೆ ತೇಲಿತು. ಡಿಸೆಂಬರ್ 23ರಂದು ಬ್ಯಾಟರಿ ಪೂರಾ ಬರಿದಾಗಿ ತಾನೇ ಮರುಚಾಲನೆಗೊಂಡು ಮತ್ತೆ ಮಾತು ಕೇಳತೊಡಗಿತು.

ಎಂಜಿನಿಯರಿಗೆ ಫೋನ್ ಮಾಡುವಾಗ “ಉಪಗ್ರಹ ಹೋಯಿತು” ಎನ್ನಬೇಡಿ. ಯಾವ ಅಂಕಿ, ಯಾವ ಸಮಯಕ್ಕೆ, ಎಷ್ಟರಿಂದ ಎಷ್ಟಕ್ಕೆ ಬಂತು. ಕೊನೆಯ ಕಮಾಂಡ್ ಯಾವುದು, ಎಷ್ಟು ಹೊತ್ತಿಗೆ ಹೋಯಿತು. ಎರಡನೆಯ ಆಂಟೆನಾ ಮತ್ತು ಎರಡನೆಯ ಕೇಂದ್ರದಲ್ಲಿ ಏನು ಕಾಣುತ್ತಿದೆ. ಮುಂದಿನ ಗ್ರಹಣಕ್ಕೆ ಎಷ್ಟು ಗಂಟೆ ಉಳಿದಿದೆ. ಇಷ್ಟನ್ನು ಈ ಕ್ರಮದಲ್ಲಿ ಓದಿ ಹೇಳಿ. ಅವರು ಕೇಂದ್ರಕ್ಕೆ ಬರುವವರೆಗೆ ರೆಕಾರ್ಡಿಂಗ್ ನಿಲ್ಲದಂತೆ ನೋಡಿಕೊಳ್ಳಿ, ಅಪ್‌ಲಿಂಕ್ ಕೀಲಿಯನ್ನು ಪಾಳಿ ಮುಖ್ಯಸ್ಥರ ಕೈಗೆ ಕೊಟ್ಟುಬಿಡಿ.